ಒಂದು ಸೆಂಟಿಗೆ ಹಡಗು: ಮನೆ ಗುಂಪಿನಲ್ಲಿ ನಡೆದ ಜಗಳ

ಭಾವ: [ಫಾರ್ವರ್ಡ್] ಅಮೆರಿಕ ತನ್ನ ವಿಮಾನವಾಹಕ ಹಡಗು ಕಿಟ್ಟಿ ಹಾಕ್ ಅನ್ನು ಬರೀ ಒಂದು ಸೆಂಟಿಗೆ ಗುಜರಿಗೆ ಹಾಕಿತು!! ಭಾರತ ಏಕೆ ಕೊಳ್ಳಲಿಲ್ಲ? ಎಲ್ಲರಿಗೂ ಕಳಿಸಿ.

ಭಾವ: ಕಾರವಾರಕ್ಕೆ ತಂದು ನಿಲ್ಲಿಸಬಹುದಿತ್ತು. ಸುಮ್ನೆ ಕೈಬಿಟ್ಟರು.

ಅಕ್ಕ: ಒಂದು ಸೆಂಟಿಗೆ ಯಾರು ಹಡಗು ಕೊಡುತ್ತಾರೆ? ಇವರು ಬಂದದ್ದನ್ನೆಲ್ಲ ಕಳಿಸುತ್ತಾರೆ.

ನಾನು: ಇಲ್ಲ ಅಕ್ಕ, ಬೆಲೆ ನಿಜ. 2021ರಲ್ಲಿ ಕಿಟ್ಟಿ ಹಾಕ್, ಜಾನ್ ಎಫ್. ಕೆನಡಿ ಎಂಬ ಎರಡು ಹಡಗುಗಳನ್ನೂ ತಲಾ ಒಂದು ಸೆಂಟಿಗೆ ಟೆಕ್ಸಸ್‌ನ ಬ್ರೌನ್ಸ್‌ವಿಲ್‌ನಲ್ಲಿ ಹಡಗು ಒಡೆಯುವವರಿಗೆ ಕೊಟ್ಟರು. ಆದರೆ ಎಳೆದೊಯ್ಯುವ ಖರ್ಚು, ಒಡೆಯುವ ಖರ್ಚು ಎಲ್ಲ ಕೊಂಡವರದೇ. ಕಿಟ್ಟಿ ಹಾಕ್ ನಿಂತಿದ್ದದ್ದು ಪೆಸಿಫಿಕ್ ಕಡೆ, ಬ್ರೆಮರ್ಟನ್‌ನಲ್ಲಿ. ಪನಾಮಾ ಕಾಲುವೆಯಲ್ಲಿ ಅದು ತೂರುವುದಿಲ್ಲ. ದಕ್ಷಿಣ ಅಮೆರಿಕವನ್ನೇ ಸುತ್ತಿಸಿ ತರಲು ನಾಲ್ಕೂವರೆ ತಿಂಗಳು ಹಿಡಿಯಿತು.

ಭಾವ: ಆಗಲಿ ಬಿಡೋ. ಹೊಸದು ಕಟ್ಟಲು ಎಷ್ಟು ಸಾವಿರ ಕೋಟಿ ಬೇಕು ಗೊತ್ತಾ?

ನಾನು: ಭಾವ, ನೀವು ಕಬ್ಬಿಣದ ತೂಕ ನೋಡುತ್ತಿದ್ದೀರಿ. ಸ್ಪೇರು ಎಲ್ಲಿಂದ ತರುತ್ತೀರಿ, ಅದನ್ನು ಹೇಳಿ.

ನಾನು 28 ವರ್ಷ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಹೌಸ್‌ನಲ್ಲಿದ್ದವನು. ನಮ್ಮ ಹಳೇ ಬಾಯ್ಲರ್ ಚದರ ಸೆಂಟಿಮೀಟರಿಗೆ 21 ಕೆಜಿ ಒತ್ತಡದ್ದು, ಹೊಸದು 45 ಕೆಜಿಯದ್ದು. ಕಬ್ಬು ಅರೆಯುವ ಸೀಸನ್ ಮಧ್ಯೆ ಒಂದು ರಾತ್ರಿ ಹೊಸದರ ವಾಲ್ವ್ ಸೋರಲು ಶುರುವಾಯಿತು. ಹಳೆಯದರ ವಾಲ್ವ್ ಹತ್ತೇ ಹೆಜ್ಜೆ ಆಚೆ ಇತ್ತು. ಆದರೂ ಮುಟ್ಟುವ ಹಾಗಿರಲಿಲ್ಲ. ಪೈಪಿಗೆ ಬೋಲ್ಟ್ ಹಾಕಿ ಜೋಡಿಸುವ ಅಂಚು, ಅಂದರೆ ಫ್ಲ್ಯಾಂಜ್, ಅದರ ದಪ್ಪ ಬೇರೆ, ಬೋಲ್ಟ್ ತೂತು ಬೇರೆ. ಹೊರಗೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿದ್ದವು.

ಬಾಯ್ಲರ್ ಉಗಿಯಿಂದ ಓಡುತ್ತಿದ್ದ ಅಮೆರಿಕದ ಈ ದೊಡ್ಡ ಹಡಗುಗಳದ್ದೂ ಅದೇ ಕಥೆ, ಒಂದರ ಸ್ಪೇರು ಇನ್ನೊಂದಕ್ಕೆ ಹೊಂದಲೇಬೇಕೆಂದಿಲ್ಲ. ಮೊದಲು ಬಂದದ್ದು ಫಾರೆಸ್ಟಲ್, 1955ರಲ್ಲಿ. ಅದರ ಬಾಯ್ಲರ್ ಒತ್ತಡ ಸುಮಾರು 600 ಪಿಎಸ್ಐ (ಚದರ ಇಂಚಿಗೆ ಪೌಂಡ್), ನಮ್ಮ ಲೆಕ್ಕದಲ್ಲಿ 42 ಕೆಜಿ. ಅದೇ ವರ್ಗದ ಸಾರಟೋಗ, ರೇಂಜರ್, ಇಂಡಿಪೆಂಡೆನ್ಸ್ ಮೂರಕ್ಕೂ 1200. ಒಡಹುಟ್ಟಿದವರಲ್ಲೇ ದೊಡ್ಡಣ್ಣನ ಅಳತೆ ಬೇರೆ!

ಪುಟ್ಟಿ: ಮಾವ, ಹಾಗಾದರೆ ಕಿಟ್ಟಿ ಹಾಕ್ 2009ರವರೆಗೆ ಹೇಗೆ ಓಡಿತು?

ನಾನು: ಒಳ್ಳೇ ಪ್ರಶ್ನೆ ಪುಟ್ಟಿ. 1998ರಲ್ಲಿ ಇಂಡಿಪೆಂಡೆನ್ಸ್ ನಿವೃತ್ತಿಯಾಯಿತು. ಜಪಾನಿನ ಯೊಕೊಸುಕದಲ್ಲಿ ಅದರ ಜಾಗಕ್ಕೆ ಹೋದದ್ದೇ ಕಿಟ್ಟಿ ಹಾಕ್. ಆಮೇಲೆ ಇಂಡಿಪೆಂಡೆನ್ಸ್‌ನಿಂದ ಬೇಕಾದ್ದನ್ನೆಲ್ಲ ಬಿಚ್ಚಿ ಬಿಚ್ಚಿ ಓಡುವ ಹಡಗುಗಳಿಗೆ ಹಾಕಿದರು. ಕಿಟ್ಟಿ ಹಾಕ್ ವರ್ಗಕ್ಕೇ ಜಾಸ್ತಿ ಹೋದದ್ದು. 2021ರಲ್ಲಿ ಹಾಗೆ ಬಿಚ್ಚಲು ಯಾವುದಿತ್ತು? ಅಮೆರಿಕ ಎಂಬ ಹೆಸರಿನ ಹಡಗನ್ನು 2005ರಲ್ಲಿ ಪರೀಕ್ಷೆಗೆಂದು ಸಮುದ್ರದಲ್ಲೇ ಮುಳುಗಿಸಿದ್ದರು. ಕೆನಡಿ ಬಿಟ್ಟು ಉಳಿದವೆಲ್ಲ ಆಗಲೇ ಗುಜರಿಗೆ ಹೋಗಿದ್ದವು. ನಾವು ತಂದಿದ್ದರೆ ಒಂದೊಂದು ವಾಲ್ವನ್ನೂ ಹೊಸದಾಗಿ ಮಾಡಿಸಬೇಕಿತ್ತು.

ಭಾವ: ರಷ್ಯಾದಿಂದ ತಂದ ನಮ್ಮ ವಿಮಾನವಾಹಕ ವಿಕ್ರಮಾದಿತ್ಯವೂ ಹಳೇದೇ ಅಲ್ವಾ? ಕಾರವಾರಕ್ಕೆ ಬಂದು ಓಡುತ್ತಿಲ್ಲವಾ?

ನಾನು: ಓಡುತ್ತಿದೆ. ಅದರ ಲೆಕ್ಕವನ್ನೂ ನೋಡಿ. ಹಡಗು ಉಚಿತ, ದುರಸ್ತಿಗೆ ಮಾತ್ರ ದುಡ್ಡು ಎಂದಿದ್ದರು ರಷ್ಯಾದವರು. 2004ರಲ್ಲಿ 97 ಕೋಟಿ ಡಾಲರ್ ಇದ್ದದ್ದು ಕೊನೆಗೆ 230 ಕೋಟಿ ದಾಟಿತು. 2012ರಲ್ಲಿ ಸಮುದ್ರಕ್ಕೆ ಇಳಿಸಿ ನೋಡಿದಾಗ 8 ಬಾಯ್ಲರ್‌ಗಳಲ್ಲಿ 7 ಕೈಕೊಟ್ಟವು. ಒಳಗೋಡೆಯ ಶಾಖ ತಡೆಯುವ ಇಟ್ಟಿಗೆಯೇ ನಿಲ್ಲಲಿಲ್ಲ. ಬಾಯ್ಲರ್ ಮುಂದೆ ನಿಂತವರಿಗೆ ಗೊತ್ತು ಆ ಸಂಕಟ.

ಅಕ್ಕ: ಹಾಗಾದರೆ ಆ ಹಳೇ ಹಡಗುಗಳದ್ದು ಏನೂ ಉಳಿಯಲಿಲ್ಲವೇನೋ?

ನಾನು: ಉಳಿದಿದೆ ಅಕ್ಕ. ಇಂಡಿಪೆಂಡೆನ್ಸ್‌ನ ಎಡಗಡೆಯ ಲಂಗರು, ಎರಡೂ ಲಂಗರು ಸರಪಳಿ 2009ರಲ್ಲಿ ಸೇವೆಗೆ ಬಂದ ಜಾರ್ಜ್ ಬುಷ್ ಹಡಗಿಗೆ ಹೋದವು. ಅಣುಶಕ್ತಿಯ ಹಡಗಿಗೆ 1950ರ ದಶಕದ ಹಡಗಿನ ಸರಪಳಿ. ಲಂಗರಿಗೆ ಬಾಯ್ಲರ್ ಒತ್ತಡದ ಹಂಗಿಲ್ಲ ನೋಡಿ.

ಭಾವ: ಸರಿ ಕಣೋ, ಕೊಳ್ಳುವ ಮಾತು ಬಿಟ್ಟೆ. ಆದರೆ ಅಮೆರಿಕದ ಆ ಹಳೇ ಹಡಗುಗಳಲ್ಲಿ ಒಂದನ್ನಾದರೂ ಮ್ಯೂಸಿಯಂ ಮಾಡಬೇಕಿತ್ತು. ಮುಂಬೈಯಲ್ಲಿ ಮ್ಯೂಸಿಯಂ ಆಗಿದ್ದ ಹಳೇ ವಿಕ್ರಾಂತ್ ಹತ್ತಿದಾಗ ಮಕ್ಕಳ ಮುಖ ನೋಡಬೇಕಿತ್ತು ನೀನು.

ನಾನು: ಅದಕ್ಕೆ ನಾನೂ ನಿಮ್ಮ ಕಡೆಯೇ, ಭಾವ. ಆ ಫೋಟೋ ಇದ್ದರೆ ಹಾಕಿ.