ಬೆಡ್‌ಶೀಟ್ ಹಿಂದಿನ ಕೇಬಲ್ಲು

ಸೀನ ಹೊಸ ಕೇಬಲ್ ತಂದಿದ್ದಾನೆ ಅಂತ ಗೊತ್ತಾಗಿದ್ದು ಟೀಪಾಯಿಯ ಮೇಲಿದ್ದ ಡಬ್ಬ ನೋಡಿ. ಒಳಗೆಲ್ಲ ಕೆಂಪು ಮಖಮಲ್ಲು. ನಮ್ಮ ಅಕ್ಕನ ಮದುವೆಯಲ್ಲಿ ಸರಕ್ಕೂ ಇಂಥ ಡಬ್ಬ ಕೊಟ್ಟಿರಲಿಲ್ಲ.

"ಎಷ್ಟೋ?" ಅಂದ ಮೂರ್ತಿ.

"38."

"ರೂಪಾಯಿನಾ?"

"ಸಾವಿರ."

ಮೂರ್ತಿ ಕಾಫಿ ಲೋಟ ಕೆಳಗಿಟ್ಟ.

ಇದು ಸೀಡಿ ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಹೋಗುವ ಒಂದು ಮೀಟರ್ ವೈರು. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವುದು ಬೇರೆ. ಅದಕ್ಕೆ ಸೀನ ಮುಂದಿನ ಬೋನಸ್ಸಿಗೆ ಕಾಯುತ್ತಿದ್ದಾನೆ. ಇಷ್ಟು ದಿನ ಆ ಜಾಗದಲ್ಲಿ ಇದ್ದದ್ದು ಎಸ್.ಪಿ. ರೋಡಿನಲ್ಲಿ 180 ರೂಪಾಯಿಗೆ ತಂದ ಕೆಂಪು-ಬಿಳಿ ಪಿನ್ನಿನ ಆರ್‌ಸಿಎ ಕೇಬಲ್.

"ಹಿನ್ನೆಲೆ ಎಷ್ಟು ಕಪ್ಪಗಿದೆ ಕೇಳು," ಅಂದ ಸೀನ. "ಸ್ವರದ ಹಿಂದೆ ಬರೀ ಮೌನ. ಮೊದಲು ವೀಣೆ ಗೋಡೆಗೆ ಅಂಟಿಕೊಂಡಿತ್ತು. ಈಗ ಎದ್ದು ಬಂದು ಸೋಫಾ ಮೇಲೆ ಕೂತಿದೆ."

ಮೂರ್ತಿ ಸ್ವಲ್ಪ ಸರಿದು ಜಾಗ ಬಿಟ್ಟ.

"ತಮಾಷೆ ಮಾಡ್ಬೇಡ. ಇದು ಇನ್ನೂ ಪೂರ್ತಿ ಪಳಗಿಲ್ಲ. 200 ಗಂಟೆ ಓಡಿಸಬೇಕಂತೆ, ಅಂಗಡಿಯವರು ಹೇಳಿದ್ದಾರೆ."

"ಅದಕ್ಕೇ ಕಣಪ್ಪ, ರಾತ್ರಿಯೆಲ್ಲ ಹಾಡು ಹಾಕಿಟ್ಟು ಮಲಗ್ತಾನೆ," ಅಡುಗೆಮನೆಯಿಂದ ಸೀನನ ಅಮ್ಮನ ಧ್ವನಿ ಬಂತು.

ವಸಂತಿ ಮಾತ್ರ ಆಗಲೇ ಕೇಬಲ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಸರ್ಕ್ಯೂಟ್ ಬೋರ್ಡ್ ಮಾಡಿಯೇ ಹೊಟ್ಟೆ ಹೊರೆಯುವವಳು. "ಈ ಬಾಣದ ಗುರುತು ಯಾಕೋ?"

"ಕರೆಂಟು ಹೋಗೋ ದಿಕ್ಕು."

"ಸಂಗೀತದ ಸಿಗ್ನಲ್ಲು ಏಸಿ ಕಣೋ. ಹೋಗುತ್ತೆ, ವಾಪಸ್ ಬರುತ್ತೆ. ಒನ್‌ವೇ ಬೋರ್ಡು ನೋಡಿ ನಿಲ್ಲಲ್ಲ." ಆಮೇಲೆ ಅವಳೇ ಸ್ವಲ್ಪ ಇಳಿದಳು. ಕೆಲವು ಕೇಬಲ್ಲುಗಳಲ್ಲಿ ಮೇಲಿನ ಶೀಲ್ಡನ್ನು, ಅಂದರೆ ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆಯನ್ನು, ಒಂದೇ ತುದಿಗೆ ಬೆಸುಗೆ ಹಾಕಿರುತ್ತಾರೆ, ಅದು ಯಾವ ತುದಿ ಅಂತ ತಿಳಿಯಲು ಬಾಣ ಹಾಕುತ್ತಾರೆ ಅಂದಳು.

ಮೈಸೂರ್‌ಪಾಕಿನ ಡಬ್ಬದ ಮುಚ್ಚಳ ತಿರುಗಿಸಿ ಲೆಕ್ಕ ಶುರು ಮಾಡಿದಳು. "ಪ್ಲೇಯರಿನ ಔಟ್‌ಪುಟ್ಟಿನ ತಡೆ 100 ಓಮ್, ಮೀಟರ್ ಕೇಬಲ್ಲಿನ ಕೆಪ್ಯಾಸಿಟೆನ್ಸ್, ಅಂದ್ರೆ ಚಾರ್ಜ್ ಹಿಡಿದಿಟ್ಟುಕೊಳ್ಳೋ ಗುಣ, 100 ಪಿಕೋಫ್ಯಾರಡ್ ಅಂತ ಇಟ್ಕೋ. ಕೇಬಲ್ಲಿನಿಂದ ಸಿಗ್ನಲ್ಲು ಸರಿಯಾಗಿ ತಗ್ಗೋದು ಸುಮಾರು 16 ಮೆಗಾಹರ್ಟ್ಸ್ ಹತ್ತಿರ. ನಿನ್ನ ಕಿವಿ 20 ಕಿಲೋಹರ್ಟ್ಸಿಗೇ ಬಾಗಿಲು ಹಾಕುತ್ತೆ. ಅದೂ ಹುಡುಗ ಆಗಿದ್ದಾಗ. ಬಾವಲಿಗೂ 16 ಮೆಗಾಹರ್ಟ್ಸ್ ಬೇಡ."

"ಹಾಗಾದ್ರೆ ಎಲ್ಲಾ ವೈರೂ ಒಂದೇನಾ?" ಅಂದೆ ನಾನು.

"ಹಾಗೇನಿಲ್ಲ. ಶೀಲ್ಡ್ ಕಿತ್ತುಹೋದ್ರೆ 50 ಹರ್ಟ್ಸ್ ಗುಂಯ್ ಅನ್ನುತ್ತೆ. ರೆಕಾರ್ಡ್ ಪ್ಲೇಯರಿನಲ್ಲಿ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್, ಅಂದ್ರೆ ಸೂಜಿ ಹಿಡಿದಿರೋ ಅಯಸ್ಕಾಂತದ ತಲೆ, ಇದ್ರೆ ಕೇಬಲ್ಲಿನ ಕೆಪ್ಯಾಸಿಟೆನ್ಸ್ ನಿಜವಾಗ್ಲೂ ಕೇಳಿಸಬಹುದು. ಇವನದ್ದು ಸೀಡಿ."

"ಲೆಕ್ಕ ಬೇರೆ, ಕಿವಿ ಬೇರೆ," ಅಂದ ಸೀನ.

ಮೂರ್ತಿಗೆ ಇಂಥ ಜಾಗಕ್ಕೆ ಒಂದು ಕತೆ ಇದ್ದೇ ಇರುತ್ತದೆ. "ಅಮೆರಿಕದಲ್ಲಿ ಜೇಮ್ಸ್ ರಾಂಡಿ ಅಂತ ಜಾದೂಗಾರ ಇದ್ದ. 7,250 ಡಾಲರಿನ ಸ್ಪೀಕರ್ ಕೇಬಲ್ಲಿಗೂ ಮಾಮೂಲಿ ಕೇಬಲ್ಲಿಗೂ ವ್ಯತ್ಯಾಸ ಬರೀ ಕಿವಿಯಲ್ಲಿ ಹೇಳಿದ್ರೆ 10 ಲಕ್ಷ ಡಾಲರ್ ಕೊಡ್ತೀನಿ ಅಂದ. 2007ರಲ್ಲಿ."

"ಯಾರು ಗೆದ್ರು?"

"ಪರೀಕ್ಷೆನೇ ನಡೀಲಿಲ್ಲ. ಮಾತಲ್ಲೇ ಮುಗೀತು."

"ನಮ್ಮ ಹತ್ರ ಡಾಲರ್ ಇಲ್ಲ, ಬೆಡ್‌ಶೀಟ್ ಇದೆ," ಅಂತ ವಸಂತಿ ಎದ್ದಳು.

ಎರಡು ಕುರ್ಚಿಯ ನಡುವೆ ಹೂವಿನ ಬೆಡ್‌ಶೀಟ್ ಕಟ್ಟಿದೆವು. ಹಿಂದೆ ವಸಂತಿ, ಕೈಯಲ್ಲಿ ಒಂದು ರೂಪಾಯಿ ನಾಣ್ಯ. ಚಿಮ್ಮಿ ರಾಜ ಬಿದ್ದರೆ ದುಬಾರಿಯದು, ರಾಣಿ ಬಿದ್ದರೆ ಅಗ್ಗದ್ದು. ವಾಲ್ಯೂಮ್ ಯಾರೂ ಮುಟ್ಟುವ ಹಾಗಿಲ್ಲ. ಸ್ವಲ್ಪ ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದಂತೆ.

ಮೊದಲು ಸುಮ್ನೆ ಒಂದು ರಿಹರ್ಸಲ್. ವೀಣೆ ಶುರುವಾಯಿತು. ಫ್ಯಾನ್ ಗಾಳಿಗೆ ಬೆಡ್‌ಶೀಟ್ ಪಟಪಟ ಹಾರಿ ಹಿಂದಿನದೆಲ್ಲ ಕಾಣತೊಡಗಿತು. ನಾನೇ ಎದ್ದು ಫ್ಯಾನ್ ಆರಿಸಿದೆ. ವಸಂತಿ ಹಿಂದೆ ಏನೋ ಕಟಕಟ ಮಾಡಿ ಅದೇ ಹಾಡನ್ನು ಮತ್ತೆ ಹಾಕಿದಳು.

"ಬಂತು! ಇದೇ!" ಸೀನ ಕೂಗಿದ. "ಆ ಕಪ್ಪು ಕೇಳಿಸ್ತಾ?"

ಮೂರ್ತಿ ಕಣ್ಣು ಮುಚ್ಚಿ ತಲೆ ತೂಗಿದ. ಸುಳ್ಳು ಯಾಕೆ ಹೇಳಲಿ, ನನಗೂ ಕೇಳಿಸಿತು. ತಂತಿ ಮೀಟಿದ ಮೇಲೆ ಉಳಿಯುವ ಆ ಸಣ್ಣ ಎಳೆ ಕೊನೆಯವರೆಗೂ ಸಿಕ್ಕಿತು. 38 ಸಾವಿರ ಜಾಸ್ತಿ ಏನಲ್ಲ ಅಂತ ಕೂಡ ಒಂದು ಕ್ಷಣ ಅನ್ನಿಸಿತು.

ವಸಂತಿ ಬೆಡ್‌ಶೀಟ್ ಎತ್ತಿದಳು. ಕೆಂಪು-ಬಿಳಿ ಪಿನ್ನು. "ಬಿಚ್ಚಿ ಅದನ್ನೇ ಮತ್ತೆ ಹಾಕಿದ್ದೀನಿ. ನೀವು ಕೇಳಿದ್ದು ಫ್ಯಾನ್ ಇಲ್ಲದ್ದನ್ನ."

ಆಮೇಲೆ ಫ್ಯಾನಿಲ್ಲದೆ, ಬೆವರು ಸುರಿಸಿಕೊಂಡು 10 ಸುತ್ತು ಆಡಿದೆವು. ಸೀನನಿಗೆ 5 ಸರಿ, ಮೂರ್ತಿಗೆ 6, ನನಗೆ 4. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಮ್ಮಿ ಇಷ್ಟೇ ಬರುತ್ತಿತ್ತು. ಅಷ್ಟರಲ್ಲಿ ಅಮ್ಮ ಬಂದು, "ಈ ಸೆಕೆಯಲ್ಲಿ ಫ್ಯಾನ್ ಯಾಕ್ರೋ ಆರಿಸಿದ್ದೀರಾ?" ಅಂತ ಸ್ವಿಚ್ ಹಾಕಿ, ಸ್ವಲ್ಪ ಹೊತ್ತು ನಿಂತು ಕೇಳಿ, "ಶ್ರುತಿ ಸರಿಯಾಗಿದೆಯಲ್ಲ, ಇನ್ನೇನು?" ಅಂದು ಹೋದರು.

"200 ಗಂಟೆ ಆಗಿಲ್ಲವಲ್ಲ ಕಣೇ," ಸೀನ ಬಿಡಲಿಲ್ಲ. "ಆಮೇಲೆ ನೋಡು."

"ವಾಪಸ್ ತಗೊಳ್ಳೋಕೆ ಎಷ್ಟು ದಿನ ಕೊಟ್ಟಿದ್ದಾರೆ?"

ಸೀನ ಬಿಲ್ಲು ತೆಗೆದು ನೋಡಿದ. "ಏಳು."

ವಸಂತಿ ಮೈಸೂರ್‌ಪಾಕಿನ ಮುಚ್ಚಳದ ಮೇಲೆ, ಮೆಗಾಹರ್ಟ್ಸಿನ ಕೆಳಗೆ, 7 × 24 = 168 ಅಂತ ಬರೆದು ಅವನ ಕಡೆ ತಳ್ಳಿದಳು.

ಸೀನ ಮುಚ್ಚಳ ನೋಡಿದ, ಬಿಲ್ಲು ನೋಡಿದ, ಗೋಡೆಯ ಕ್ಯಾಲೆಂಡರ್ ನೋಡಿದ. ಮಾತಾಡದೆ ಎದ್ದು ಮಖಮಲ್ ಡಬ್ಬ ತೆರೆದ. ಅಮ್ಮ ಆಗಲೇ ಅದರಲ್ಲಿ ಸೂಜಿ, ದಾರ, ಗುಂಡಿಗಳನ್ನು ಜೋಡಿಸಿಟ್ಟಿದ್ದರು.