ಪದಚರ್ಚೆ: ‘ಬ್ಲೋನ್ ಸೇವ್’ ಅಂದ್ರೆ ಕೈತಪ್ಪಿದ್ದೋ, ಕೈಚೆಲ್ಲಿದ್ದೋ?

ಬಳಗದ ಎಲ್ರಿಗೂ ನಮಸ್ಕಾರ,

ಇಲ್ಲಿ ನಮ್ಮ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ಬೇಸ್‌ಬಾಲ್‌ನ ರಿಲೀಫ್ ಪಿಚರ್‌ಗಳ (ಪಂದ್ಯದ ನಡುವೆ ಬಂದು, ಮೊದಲು ಎಸೀತಿದ್ದವನ ಜಾಗದಲ್ಲಿ ಚೆಂಡು ಎಸೆಯೋರು) ಏಳುಬೀಳಿನ ಬಗ್ಗೆ ಒಂದು ಬರಹ ಬರೀತಾ ಇದೀನಿ. ಓದೋರಲ್ಲಿ ಅರ್ಧ ಜನಕ್ಕೆ ಮಕ್ಕಳ ಲಿಟಲ್ ಲೀಗ್ ದೆಸೆಯಿಂದ ಆಟ ಗೊತ್ತು, ಇನ್ನರ್ಧ ಊರಿಂದ ಬಂದು ಮಗಳ ಮನೇಲೋ ಮಗನ ಮನೇಲೋ ಇರೋ ಹಿರಿಯರು, ಅವರಿಗೆ ಕ್ರಿಕೆಟ್ ಬಿಟ್ರೆ ಬೇರೆ ಇಲ್ಲ. ಹೋಮ್ ರನ್, ಸ್ಟ್ರೈಕ್, ಇನ್ನಿಂಗ್ ಇವನ್ನೆಲ್ಲ ಹಾಗೇ ಬಿಟ್ಟಿದೀನಿ, ಅದರ ಬಗ್ಗೆ ನಂಗೆ ತಕರಾರಿಲ್ಲ. ನಾನು ಸಿಕ್ಕಿಹಾಕ್ಕೊಂಡಿರೋದು ‘ಬ್ಲೋನ್ ಸೇವ್’ ಅನ್ನೋ ಒಂದು ಕಡೆ, ಯಾಕಂದ್ರೆ ಈ ಕಸುಬಿನೋರ ಬದುಕೆಲ್ಲ ಅದರ ಮೇಲೇ ನಿಂತಿರುತ್ತೆ, ಅದಕ್ಕೆ ತಪ್ಪು ಕನ್ನಡ ಹಾಕಿದ್ರೆ ಮನುಷ್ಯನ ಮೇಲೆ ಇಲ್ಲದ ಅಪವಾದ ಹೊರಿಸಿದ ಹಾಗಾಗುತ್ತೆ.

ಮೊದಲು ಸೇವ್ ಅಂದ್ರೇನು ಅಂತ ಹೇಳ್ಬಿಡ್ತೀನಿ. ತಂಡ ಮುಂದಿರುವಾಗ ಕೊನೇಲಿ ಬಂದು, ಆ ಮುನ್ನಡೆ ಕಳಕೊಳ್ಳದೆ ಪಂದ್ಯ ಮುಗಿಸಿಕೊಡೋ ಪಿಚರ್ ಹೆಸರಿಗೆ ಬರೋ ಲೆಕ್ಕ ಅದು. ಮಾಮೂಲಿ ಲೆಕ್ಕ ಏನಂದ್ರೆ ಮುನ್ನಡೆ 3 ರನ್ ಮೀರಿರಬಾರದು, ಅವನು ಕನಿಷ್ಠ ಒಂದು ಇನ್ನಿಂಗ್ (ಮೂರು ಔಟ್ ಆಗೋ ತನಕ) ಎಸೀಬೇಕು. ಇನ್ನೂ ಎರಡು ದಾರಿ ಇದೆ, ಅದು ಇಲ್ಲಿ ಬೇಡ. ಶಿಕಾಗೋದ ಕ್ರೀಡಾ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ ಇದಕ್ಕೋಸ್ಕರ ವರ್ಷಾನುಗಟ್ಲೆ ಪಟ್ಟು ಹಿಡಿದ್ರು, 1969ರಲ್ಲಿ ಅಧಿಕೃತ ಅಂಕಿ-ಅಂಶಕ್ಕೆ ಸೇರ್ತು. ಅದೇ ಪರಿಸ್ಥಿತೀಲಿ ಬಂದವನು ಎದುರಾಳಿಗೆ ಸಮ ಮಾಡ್ಕೊಳ್ಳೋಕೆ ಬಿಟ್ಟರೂ ಸಾಕು, ಅದು ಬ್ಲೋನ್ ಸೇವ್. ಸೋಲಲೇಬೇಕು ಅಂತಿಲ್ಲ. ಆಮೇಲೆ ಅವನ ತಂಡವೇ ರನ್ ಹೊಡೆದು ಗೆದ್ದು, ಗೆಲುವು ಅವನ ಹೆಸರಿಗೇ ಬರೋದೂ ಉಂಟು! ಫೀಲ್ಡರ್ ಚೆಂಡು ಬಿಟ್ಟು ರನ್ ಹೋದ್ರೂ ಲೆಕ್ಕ ಮಾತ್ರ ಪಿಚರ್ ಖಾತೆಗೇ. ಏಳನೇ ಎಂಟನೇ ಇನ್ನಿಂಗಿನಲ್ಲಿ ಬರೋ ಸೆಟಪ್ ಪಿಚರ್‌ದು ಇನ್ನೂ ಪಾಪ, ಅವನು ಕಾಪಾಡಿದ್ರೆ ಸೇವ್ ಕೊಡಲ್ಲ (ಹೋಲ್ಡ್ ಅಂತ ಬೇರೆ ಒಂದು ಲೆಕ್ಕ ಕೊಡ್ತಾರೆ), ಕಳಕೊಂಡ್ರೆ ಮಾತ್ರ ಬ್ಲೋನ್ ಸೇವ್ ಬರೀತಾರೆ.

ಈಗ ಪದ. ನಮ್ಮ ಕ್ರೀಡಾ ಪುಟಗಳಲ್ಲಿ ತಕ್ಷಣ ಕೈಗೆ ಸಿಗೋದು ‘ಕೈಚೆಲ್ಲು’. ಗೆಲುವು ಕೈಚೆಲ್ಲಿದ ಭಾರತ, ಕ್ಯಾಚ್ ಕೈಚೆಲ್ಲಿದ ಫೀಲ್ಡರ್, ಅವಕಾಶ ಕೈಚೆಲ್ಲಿದ್ರು, ಹೀಗೆ. ಇಲ್ಲಿ ಮಾಡಿದವನು ಮನುಷ್ಯ, ಕೈಯಲ್ಲಿದ್ದದ್ದನ್ನ ಅವನೇ ಚೆಲ್ಲಿದ. ಇದರ ಜೊತೆ ‘ಕೈಚೆಲ್ಲಿ ಕೂತ’ ಅನ್ನೋ ಅರ್ಥವೂ ಹಿಂದೆ ಇಣುಕುತ್ತೆ, ಅಂದ್ರೆ ಪ್ರಯತ್ನವನ್ನೇ ಬಿಟ್ಟ ಅಂತ. ‘ಕೈತಪ್ಪು’ ಬೇರೆ ಥರ. ಎಲೆಕ್ಷನ್ ಬಂದ್ರೆ ದಿನಾ ಓದ್ತೀವಲ್ಲ, ಇಂಥವರಿಗೆ ಟಿಕೆಟ್ ಕೈತಪ್ಪಿತು ಅಂತ, ಪ್ರಮೋಷನ್ ಕೈತಪ್ಪಿತು ಅಂತ. ಅಲ್ಲಿ ಕರ್ತೃ ಟಿಕೆಟ್ಟು, ಮನುಷ್ಯ ಬರೀ ಅನುಭವಿಸೋನು, ತಪ್ಪು ಯಾರದು ಅಂತ ವಾಕ್ಯ ಹೇಳೋದೇ ಇಲ್ಲ. ‘ಕೈಜಾರು’ ಅಂತಾನೂ ಒಬ್ರು ಸ್ನೇಹಿತರು ಸೂಚಿಸಿದ್ರು, ಆದ್ರೆ ಎಸೆಯೋನ ವಿಷಯದಲ್ಲಿ ಹಾಗಂದ್ರೆ ಚೆಂಡೇ ನಿಜವಾಗಿ ಕೈಯಿಂದ ಜಾರಿತು ಅಂತ ಓದ್ಕೋತಾರೆ, ಅದನ್ನ ಬಿಟ್ಟೆ. ‘ಕೈಕೊಡು’ ಅನ್ನೋದನ್ನ ಬೇರೆ ಕಡೆಗೆ ಇಟ್ಕೊಂಡಿದೀನಿ, ಮುಂದೆ ಹೇಳ್ತೀನಿ.

ಬ್ರ್ಯಾಡ್ ಲಿಜ್ ಅನ್ನೋ ಪಿಚರ್‌ನ ಕತೆ ತಗೊಂಡು ಈ ಪದಗಳನ್ನ ಉಜ್ಜಿ ನೋಡಿದೆ. 2005ರ ಅಕ್ಟೋಬರ್ 17, ಹ್ಯೂಸ್ಟನ್, ಎದುರಿಗೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್. ಲಿಜ್‌ನ ತಂಡ ಹ್ಯೂಸ್ಟನ್ ಆಸ್ಟ್ರೋಸ್ 4-2 ಮುಂದೆ, ಕೊನೆಯ ಒಂಬತ್ತನೇ ಇನ್ನಿಂಗ್, ಇಬ್ಬರು ಔಟ್, ಇನ್ನೊಬ್ಬ ಔಟಾದ್ರೆ ಆ ತಂಡಕ್ಕೆ ಇತಿಹಾಸದಲ್ಲೇ ಮೊದಲ ವರ್ಲ್ಡ್ ಸೀರೀಸ್ (ಫೈನಲ್ ಸರಣಿ, ಮೊದಲು ನಾಲ್ಕು ಪಂದ್ಯ ಗೆದ್ದೋರಿಗೆ ಪ್ರಶಸ್ತಿ), ಜನ ಎಲ್ಲ ಎದ್ದು ನಿಂತು ಕಿರುಚ್ತಾ ಇದಾರೆ. ಡೇವಿಡ್ ಎಕ್‌ಸ್ಟೈನ್ ಒಂದು ಸಾಧಾರಣ ಹಿಟ್ ಹೊಡೆದು ಬೇಸ್ ಸೇರ್ಕೊಂಡ, ಜಿಮ್ ಎಡ್ಮಂಡ್ಸ್‌ಗೆ ಲಿಜ್ ವಾಕ್ ಕೊಟ್ಟ (ನಾಲ್ಕು ಎಸೆತ ಗುರಿ ತಪ್ಪಿದ್ರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ), ಆಮೇಲೆ ಆಲ್ಬರ್ಟ್ ಪೂಹೋಲ್ಸ್ ಬಂದು ಒಂದು ಸ್ಲೈಡರನ್ನ (ಕೊನೇ ಗಳಿಗೇಲಿ ಪಕ್ಕಕ್ಕೆ ಜಾರೋ ಎಸೆತ) ಎಡಗಡೆ ಗೋಡೆ ಮೇಲೆ ರೈಲು ಹಳಿ ಹಾಕಿದಾರಲ್ಲ, ಆ ಎತ್ತರಕ್ಕೆ ಹೊಡೆದ. ಬೇಸ್ ಮೇಲಿದ್ದ ಇಬ್ಬರು, ಜೊತೆಗೆ ಅವನು, ಮೂರು ರನ್, ಒಂದೇ ಏಟಿಗೆ 5-4, ಅಷ್ಟು ದೊಡ್ಡ ಸ್ಟೇಡಿಯಂ ಒಂದೇ ಸಲ ಬಾಯಿ ಮುಚ್ಕೊಂಡ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದೇ. ಇಲ್ಲಿ ವಾಕ್ ಕೊಟ್ಟಿದ್ದೂ ಅವನೇ, ಸ್ಲೈಡರ್ ಹಾಕಿದ್ದೂ ಅವನೇ, ಹಾಗಾಗಿ ಗೆಲುವು ಕೈಚೆಲ್ಲಿದ ಅಂದ್ರೆ ಯಾರೂ ಜಗಳಕ್ಕೆ ಬರಲ್ಲ.

ಆದ್ರೆ ಮುಂದೆ ನೋಡಿ. ಮುಂದಿನ ಪಂದ್ಯ ಗೆದ್ದು ಆಸ್ಟ್ರೋಸ್ ವರ್ಲ್ಡ್ ಸೀರೀಸ್‌ಗೆ ಹೋದ್ರು. ಅಲ್ಲಿ ಎರಡನೇ ಪಂದ್ಯ 6-6 ಸಮ ಇದ್ದಾಗ ಲಿಜ್ ಬಂದ, ಆ ವರ್ಷ ಪ್ಲೇಆಫ್‌ಗೆ ಮುಂಚಿನ ಸೀಸನ್ ಪೂರ್ತಿ ಒಂದೂ ಹೋಮ್ ರನ್ ಹೊಡೀದೇ ಇದ್ದ ಸ್ಕಾಟ್ ಪೊಡ್‌ಸೆಡ್ನಿಕ್ ಅವನಿಗೆ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದ. ನಾಲ್ಕನೇ ಪಂದ್ಯ 0-0 ಇದ್ದಾಗ ಮತ್ತೆ ಇವನೇ, ಎಂಟನೇ ಇನ್ನಿಂಗಲ್ಲಿ ಒಂದು ರನ್ ಹೋಯ್ತು, ಅಷ್ಟಕ್ಕೇ ಸೀರೀಸ್ ಮುಗೀತು. ನಾಲ್ಕು ಸೋಲಿನಲ್ಲಿ ಎರಡು ಲಿಜ್ ಹೆಸರಿಗೆ, ಆದ್ರೆ ಬ್ಲೋನ್ ಸೇವ್ ಎರಡರಲ್ಲೂ ಸೊನ್ನೆ! ಯಾಕಂದ್ರೆ ಕಾಪಾಡೋಕೆ ಮುನ್ನಡೆ ಅಂತ ಏನೂ ಇರಲೇ ಇಲ್ಲ. ಅಂದ್ರೆ ‘ಕೈಚೆಲ್ಲಿದ’ ಅನ್ನೋದು ಪತ್ರಿಕೆಯೋರ ತೀರ್ಪು, ‘ಬ್ಲೋನ್ ಸೇವ್’ ಅನ್ನೋದು ಗುಮಾಸ್ತನ ಲೆಕ್ಕ, ಎರಡೂ ಒಂದೇ ಕಡೆ ಬೀಳಬೇಕು ಅಂತೇನಿಲ್ಲ. ಈ ಕಾರಣಕ್ಕೇ ಬರಹದ ಅಂಕಿ-ಅಂಶದ ಕೋಷ್ಟಕಕ್ಕೆ ‘ಕೈತಪ್ಪಿದ ಸೇವ್’ ಸರಿ, ಕತೆ ಹೇಳುವಾಗ ಬೇಕಾದ ಕಡೆ ‘ಕೈಚೆಲ್ಲಿದ’ ಅಂತ ಬರೀಬಹುದು ಅನ್ನೋ ಕಡೆಗೆ ನಾನು ವಾಲಿದೀನಿ.

ಅವನ ಮುಂದಿನ ವರ್ಷಗಳಿಗೆ ಹಾಕಿ ನೋಡಿದ್ರೂ ಇದೇ ಕೂರುತ್ತೆ. 2008ರಲ್ಲಿ ಫಿಲಡೆಲ್ಫಿಯಾ ಫಿಲೀಸ್‌ಗೆ ಹೋದ ಮೇಲೆ ಸೀಸನ್‌ನಲ್ಲಿ 41ಕ್ಕೆ 41, ಪ್ಲೇಆಫ್‌ನಲ್ಲಿ 7ಕ್ಕೆ 7, ‘ಒಂದೇ ಒಂದು ಸೇವೂ ಕೈತಪ್ಪಲಿಲ್ಲ’ ಅಂತ ಬರೆದ್ರೆ ಎಷ್ಟು ಸಲೀಸಾಗಿದೆ ನೋಡಿ. ಅಕ್ಟೋಬರ್ 29ರ ರಾತ್ರಿ, ಮಳೆಗೆ ಎರಡು ದಿನ ನಿಂತುಹೋಗಿದ್ದ ಪಂದ್ಯ ಮತ್ತೆ ಶುರುವಾಗಿ, ಒಂದೇ ರನ್ ಮುನ್ನಡೆ, ಎರಿಕ್ ಹಿನ್ಸ್ಕಿಗೆ ಕೊನೇ ಎಸೆತ ಅದೇ ಸ್ಲೈಡರ್, ಬ್ಯಾಟ್ ಬೀಸಿದ, ಸಿಗಲಿಲ್ಲ. ಲಿಜ್ ಅಲ್ಲೇ ಮಂಡಿಯೂರಿ ಎರಡು ಕೈ ಮೇಲೆತ್ತಿದ, ಕ್ಯಾಚರ್ ಕಾರ್ಲೋಸ್ ರೂಯಿಜ್ ಓಡಿಬಂದು ತಬ್ಬಿಕೊಂಡ. ಫಿಲೀಸ್‌ಗೆ 1980ರ ನಂತರ ಸಿಕ್ಕ ಮೊದಲ ವರ್ಲ್ಡ್ ಸೀರೀಸ್ ಪ್ರಶಸ್ತಿ ಅದು. ಮಾರನೇ ವರ್ಷ ಅದೇ ಮನುಷ್ಯನಿಗೆ 11 ಸೇವ್ ಕೈತಪ್ಪಿತು, 8 ಸೋಲು, ಗೆಲುವು ಒಂದೂ ಇಲ್ಲ, ಇಆರ್‌ಎ 7.21 (ಫೀಲ್ಡರ್‌ಗಳ ತಪ್ಪಿಂದ ಹೋದದ್ದು ಬಿಟ್ಟು, ಒಂಬತ್ತು ಇನ್ನಿಂಗಿಗೆ ಸರಾಸರಿ ಎಷ್ಟು ರನ್ ಕೊಟ್ಟ ಅನ್ನೋದು, ಕಮ್ಮಿ ಇದ್ದಷ್ಟೂ ಒಳ್ಳೇದು). ಬಲ ಮೊಣಕಾಲು ತೊಂದರೆ ಕೊಡ್ತಿತ್ತು. ಇಲ್ಲಿ ನೋಡಿ ‘ಕೈಕೊಡು’ ಬೇಕಾಗೋದು: ಮೊಣಕಾಲು ಕೈಕೊಟ್ಟಿತು, ಸ್ಲೈಡರ್ ಕೈಕೊಟ್ಟಿತು. ಮೊಣಕಾಲು ಕೈಕೊಡೋದು ಕೇಳೋಕೆ ತಮಾಷೆಯಾಗಿದೆ, ಆದ್ರೆ ಮನೇಲಿ ದೊಡ್ಡೋರು ದಿನಾ ಹೇಳೋ ಮಾತೇ ತಾನೆ.

ಎರಡನೇ ಪ್ರಶ್ನೆ ‘ವಾಕ್‌ಆಫ್’, ಅಂದ್ರೆ ಪಂದ್ಯವನ್ನ ಅಲ್ಲಿಗೇ ಮುಗಿಸಿಬಿಡೋ ಹೊಡೆತ. ಇದರ ಹಿಂದೆ ಡೆನ್ನಿಸ್ ಎಕರ್ಸ್‌ಲಿ ಅನ್ನೋ ಪಿಚರ್ ಇದಾನೆ. ಈ ಮನುಷ್ಯ ಮೊದಲು ಸ್ಟಾರ್ಟರ್, ಅಂದ್ರೆ ಪಂದ್ಯದ ಶುರುವಿಂದ ಎಸೆಯೋನು (ನಮ್ಮೋರಿಗೆ ಸ್ಟಾರ್ಟರ್ ಅಂದ್ರೆ ಗೋಬಿ ಮಂಚೂರಿ, ಇಲ್ಲ ಟ್ಯೂಬ್‌ಲೈಟಿಗೆ ಹಾಕೋದು, ಅದಿರ್ಲಿ), 1977ರಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ನೋ-ಹಿಟರ್ ಎಸೆದೋನು, 1978ರಲ್ಲಿ ಬಾಸ್ಟನ್‌ಗೆ 20 ಗೆಲುವು ತಂದೋನು. ಆಮೇಲೆ ಕುಡಿತ, 1987ರ ಶುರುವಿನಲ್ಲಿ ಚಿಕಿತ್ಸೆಗೆ ಸೇರಿ ಬಿಟ್ಟ. ಅದೇ ವರ್ಷ ಓಕ್ಲೆಂಡ್‌ಗೆ ಬಂದಾಗ ಮ್ಯಾನೇಜರ್ ಟೋನಿ ಲಾ ರೂಸಾ ಅವನನ್ನ ಬುಲ್‌ಪೆನ್‌ಗೆ (ರಿಲೀಫ್ ಪಿಚರ್‌ಗಳು ಕಾಯೋ ಜಾಗ) ಹಾಕಿದ್ರು, ಸ್ಟಾರ್ಟರ್ ಆಗಿದ್ದವನಿಗೆ ಆಗಿನ ಕಾಲಕ್ಕೆ ಅದು ಹಿಂಬಡ್ತಿಯೇ. ಆ ಹಿಂಬಡ್ತಿಯಿಂದಲೇ ಅವನು 1988ರಲ್ಲಿ 45 ಸೇವ್, 1990ರಲ್ಲಿ 73 ಚಿಲ್ಲರೆ ಇನ್ನಿಂಗಿಗೆ ಬರೀ 4 ವಾಕ್, ಇಆರ್‌ಎ 0.61, 1992ರಲ್ಲಿ 51 ಸೇವ್ ಮಾಡಿ ಸೈ ಯಂಗ್ (ವರ್ಷದ ಅತ್ಯುತ್ತಮ ಪಿಚರ್), ಎಂವಿಪಿ (ವರ್ಷದ ಅತಿ ಮೌಲ್ಯದ ಆಟಗಾರ) ಎರಡೂ ಪ್ರಶಸ್ತಿ, 2004ರಲ್ಲಿ ಹಾಲ್ ಆಫ್ ಫೇಮ್ ಅಂತ ಏರಿದ್ದು.

ಮಾತಿನಲ್ಲಿ ಭಾರಿ ಚಾಲೂಕು, ತನ್ನದೇ ಒಂದು ಭಾಷೆ ಇತ್ತು. ಪಂದ್ಯ ಮುಗಿಸೋ ಹೋಮ್ ರನ್ ಹೊಡೆಸಿಕೊಂಡ ಪಿಚರ್ ತಲೆ ತಗ್ಗಿಸ್ಕೊಂಡು ಮೈದಾನದಿಂದ ನಡ್ಕೊಂಡು ಹೋಗೋದಿದ್ಯಲ್ಲ, ಅದನ್ನ ನೋಡಿ ಅವನು ಅಂಥ ಹೊಡೆತಕ್ಕೆ ವಾಕ್‌ಆಫ್ ಅಂತಿದ್ದ. 1988ರ ಏಪ್ರಿಲ್‌ನಲ್ಲೇ ಅದು ಪತ್ರಿಕೇಲಿ ಅಚ್ಚಾಗಿತ್ತು. ಅಕ್ಟೋಬರ್ 15ಕ್ಕೆ, ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ, ಲಾಸ್ ಏಂಜಲೀಸ್‌ನಲ್ಲಿ, ಓಕ್ಲೆಂಡ್ 4-3 ಮುಂದೆ, ಇಬ್ಬರು ಔಟ್, ಮೈಕ್ ಡೇವಿಸ್‌ಗೆ ಇವನೇ ವಾಕ್ ಕೊಟ್ಟ. ಆಮೇಲೆ ಎರಡೂ ಕಾಲು ನೋವಿಂದ ಕುಂಟುತ್ತಾ ಕರ್ಕ್ ಗಿಬ್ಸನ್ ಬಂದ, ಎಣಿಕೆ 3-2 ಆಯ್ತು, ಅಂದ್ರೆ ಇನ್ನೊಂದು ಸ್ಟ್ರೈಕ್ ಬಿದ್ರೆ ಅವನೂ ಔಟು, ಸ್ಲೈಡರ್ ಬಿತ್ತು, ಗಿಬ್ಸನ್ ಒಂಟಿ ಕೈಯ ಬಲದಲ್ಲೇ ಅನ್ನೋ ಹಾಗೆ ಬಲಗಡೆ ಸ್ಟ್ಯಾಂಡಿಗೆ ಕಳಿಸಿದ, 5-4. ಎಕರ್ಸ್‌ಲಿ ತಾನು ಕಟ್ಟಿದ ಪದದ ಒಳಗೇ ನಡ್ಕೊಂಡು ಹೋದ. ಆಮೇಲೆ ಡ್ರೆಸಿಂಗ್ ರೂಮಿನಲ್ಲಿ ಪತ್ರಕರ್ತರು ಕೇಳಿದ್ದಕ್ಕೆಲ್ಲ ಕೂತು ಉತ್ತರ ಕೊಟ್ಟ, ಒಬ್ಬರನ್ನೂ ವಾಪಸ್ ಕಳಿಸಲಿಲ್ಲ, ನಂಗೆ ಅವನ ಸೇವ್‌ಗಿಂತ ಇದೇ ದೊಡ್ಡದು ಅನ್ಸುತ್ತೆ.

ಸಮಸ್ಯೆ ಏನಂದ್ರೆ, ಸೋತವನ ನಡಿಗೆಯಿಂದ ಹುಟ್ಟಿದ ಪದ ಈಗ ಪೂರ್ತಿ ಗೆದ್ದವನ ಸಂಭ್ರಮಕ್ಕೆ ಹೋಗ್ಬಿಟ್ಟಿದೆ. ಇವತ್ತು ವಾಕ್‌ಆಫ್ ಅಂದ್ರೆ ಬ್ಯಾಟರ್ ಹೆಲ್ಮೆಟ್ ಎಸೆದು ಕುಣಿಯೋದೇ ಎಲ್ಲರ ಕಣ್ಣಿಗೆ ಬರೋದು. ಕನ್ನಡದಲ್ಲಿ ‘ಗೆಲುವಿನ ಹೊಡೆತ’ ಅಂದ್ರೆ ಇವತ್ತಿನ ಅರ್ಥ ಬರುತ್ತೆ, ಎಕರ್ಸ್‌ಲಿ ಅಳಿಸಿಹೋಗ್ತಾನೆ. ‘ತಲೆತಗ್ಗಿಸೋ ಹೊಡೆತ’ ಅಂದ್ರೆ ಯಾರೋ ನಾಚಿಕೆಗೇಡಿನ ಕೆಲಸ ಮಾಡಿದ ಹಾಗೆ ಕೇಳ್ಸುತ್ತೆ, ನಮ್ಮಲ್ಲಿ ತಲೆ ತಗ್ಗಿಸೋದು ಮಾನ ಹೋದಾಗ. ಸದ್ಯಕ್ಕೆ ‘ವಾಕ್‌ಆಫ್’ ಅಂತಾನೇ ಇಟ್ಟು ಒಂದು ಸಾಲು ವಿವರಣೆ ಕೊಟ್ಟಿದೀನಿ.

ಉಳಿದವು ಚುಟುಕಾಗಿ. ರಿಲೀಫ್ ಪಿಚರ್‌ಗೆ ಟ್ರಾನ್ಸ್‌ಲೇಟರ್ ಆಪ್ ‘ಪರಿಹಾರ ಪಿಚರ್’ ಅಂತ ಕೊಡ್ತು, ನೆರೆ ಸಂತ್ರಸ್ತರಿಗೆ ಚೆಕ್ ಹಂಚೋಕೆ ಬಂದಿರೋ ಥರ! ‘ಬದಲಿ’ ಅಂದ್ರೆ ಕ್ರಿಕೆಟ್‌ನ ಬದಲಿ ಫೀಲ್ಡರ್ ನೆನಪಾಗ್ತಾನೆ, ಅವನು ಬೌಲಿಂಗೇ ಮಾಡಂಗಿಲ್ಲ. ಸೆಕ್ಯೂರಿಟಿಯೋರು, ನರ್ಸ್‌ಗಳು ‘ಇನ್ನೂ ರಿಲೀವರ್ ಬಂದಿಲ್ಲ’ ಅಂತಾರಲ್ಲ, ಆ ‘ರಿಲೀವರ್’ ಆಗಲೇ ಕನ್ನಡ ಆಗಿದೆ, ಅದೇ ಸಾಕು ಅಂತ ನನ್ನ ಅಭಿಪ್ರಾಯ. ಕೊನೇಲಿ ಬಂದು ಸೇವ್ ಮಾಡೋ ಕ್ಲೋಸರ್‌ಗೆ ‘ಮುಗಿಸೋನು’ ಬೇಡ, ಸುಪಾರಿ ತಗೊಂಡವನ ಥರ ಆಗುತ್ತೆ. ‘ಫಿನಿಷರ್’ ಧೋನಿಗೆ ಮೀಸಲಾಗಿದೆ. ಬುಲ್‌ಪೆನ್‌ಗೆ ‘ದೊಡ್ಡಿ’ ನಂಗೆ ಇಷ್ಟ, ಆದ್ರೆ ಸಂಪಾದಕರು ಒಪ್ಪಲ್ಲ ಅಂತ ಗೊತ್ತು. ‘ಏಳುಬೀಳು’ ಬದಲು ‘ಏರುಪೇರು’ ಹಾಕಿ ಅಂತ ಅವರೇ ಒಂದು ಸಲ ಹೇಳಿದ್ರು, ಅದು ಬಿಪಿಗೆ ಸರಿ ಸಾರ್, ಮನುಷ್ಯನ ವೃತ್ತಿಗಲ್ಲ ಅಂತ ಉತ್ತರ ಬರೆದಿದೀನಿ.

ಈಗ ನಿಮ್ಮನ್ನ ಕೇಳೋದು ಇಷ್ಟು. ಪತ್ರಿಕೆಯ ಕ್ರೀಡಾ ಪುಟದಲ್ಲಿ ಕೆಲಸ ಮಾಡಿದೋರು ಇಲ್ಲಿ ಇದೀರ, ನಿಮ್ಮ ಬಳಕೇಲಿ ‘ಕೈಚೆಲ್ಲಿದ’ ಅಂದ್ರೆ ಯಾವಾಗ್ಲೂ ತಪ್ಪು ಹೊರಿಸೋದೇನಾ, ಇಲ್ಲ ಈಗ ಸವೆದು ಬರೀ ‘ಸೋತ’ ಅನ್ನೋ ಮಟ್ಟಕ್ಕೆ ಬಂದಿದ್ಯಾ? ಧಾರವಾಡ, ಕಲಬುರಗಿ ಕಡೆಯೋರು, ಮಂಗಳೂರು ಕಡೆಯೋರು ಇದೇ ಸಂದರ್ಭಕ್ಕೆ ಬೇರೆ ಏನಾದ್ರೂ ಮಾತು ಹೇಳ್ತೀರಾ? ಕೋಷ್ಟಕದ ತಲೆಬರಹಕ್ಕೆ ಎರಡು ಪದಕ್ಕಿಂತ ಜಾಸ್ತಿ ಜಾಗ ಇಲ್ಲ, ‘ಕೈತಪ್ಪಿದ ಸೇವ್’ ಅಂತ ಹಾಕಿದ್ರೆ ಆಟ ಗೊತ್ತಿಲ್ಲದ ನಿಮ್ಮ ಮನೆಯ ಹಿರಿಯರೊಬ್ಬರಿಗೆ ಓದಿ ಹೇಳಿ, ಏನು ಅರ್ಥ ಮಾಡ್ಕೊಂಡ್ರು ಅಂತ ತಿಳಿಸಿದ್ರೆ ದೊಡ್ಡ ಉಪಕಾರ. ಬರಹ ಈ ತಿಂಗಳ ಕೊನೇಗೆ ಕೊಡಬೇಕು.