‘ಖರ್ಚಿಲ್ಲದೆ ಡಿಕ್ರಿ’: ಈ ಮಾತನ್ನು ಇನ್ನೂ ತಿಳಿಯಾಗಿ ಹೇಳಬಹುದೇ?

ಗೆಳೆಯರೇ,

ನಮ್ಮ ದೊಡ್ಡಮ್ಮನ ಮಗಳು ಅಪ್ಪನ ಆಸ್ತಿಯಲ್ಲಿ ಪಾಲು ಕೇಳಿ ದಾವೆ ಹಾಕಿದ್ದಳು. ಪಾಲು ಸಿಕ್ಕಿತು. ತೀರ್ಪಿನ ಕೊನೆಯ ಸಾಲಿನಲ್ಲಿ ‘ಖರ್ಚಿಲ್ಲದೆ ಡಿಕ್ರಿ ಮಾಡಲಾಗಿದೆ’ ಎಂದಿತ್ತು. (ಡಿಕ್ರಿ ಅಂದರೆ ದಾವೆಯಲ್ಲಿ ಯಾರಿಗೆ ಏನು ಹಕ್ಕಿದೆ ಎಂದು ಕೋರ್ಟ್ ಮಾಡಿದ ತೀರ್ಮಾನ.) ಅಕ್ಕ ಫೋನ್ ಮಾಡಿ, “ಹಾಗಾದ್ರೆ ವಕೀಲರಿಗೆ ಉಳಿದ ಫೀಸು ಕೊಡೋದು ಬೇಡ್ವಾ?” ಎಂದು ಕೇಳಿದಳು. ಚೆನ್ನಾಗಿ ಓದಿಕೊಂಡವಳು ಅವಳು. ಅವಳಿಗೇ ಹೀಗಾದರೆ ಆ ಸಾಲಿನಲ್ಲೇ ಏನೋ ತೊಡಕಿದೆ ಅಲ್ವಾ?

ಮನೆಮಾತಿನಲ್ಲಿ ಖರ್ಚು ಅಂದರೆ ನಮ್ಮ ಕೈಬಿಟ್ಟು ಹೋದ ದುಡ್ಡು. ಕೋರ್ಟಿನಲ್ಲಿ ಅದು ಒಬ್ಬರ ಕೈಬಿಟ್ಟ ದುಡ್ಡನ್ನು ಇನ್ನೊಬ್ಬರು ತುಂಬಿಕೊಡುವುದು. ‘ಖರ್ಚಿಲ್ಲದೆ’ ಅಂದರೆ ಯಾರೂ ಯಾರಿಗೂ ತುಂಬಿಕೊಡಬೇಕಿಲ್ಲ. ಹಾಗಾಗಿ ಅಕ್ಕ ತನ್ನ ವಕೀಲರ ಫೀಸನ್ನು ತಾನೇ ಕೊಡಬೇಕು. ‘ಖರ್ಚುಸಹಿತ’ ಅಂದರೆ ಸೋತವರು ಕೊಡಬೇಕು. ಕೊಡಬೇಕು ಅಂದರೂ ಗೆದ್ದವರು ಸುರಿದದ್ದೆಲ್ಲ ವಾಪಸ್ ಬರುವುದಿಲ್ಲ. ಕೋರ್ಟ್ ಫೀ, ಸಾಕ್ಷಿಗಳ ಭತ್ಯೆ, ನಿಯಮದ ಪ್ರಕಾರದ ವಕೀಲರ ಫೀಸು, ಹೀಗೆ ಡಿಕ್ರಿಯಲ್ಲಿ ಲೆಕ್ಕ ಹಾಕಿದಷ್ಟೇ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಈ ತೀರ್ಮಾನವನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿದೆ. ಸಾಮಾನ್ಯವಾಗಿ ಸೋತವರ ಮೇಲೆ ಖರ್ಚು. ಹಾಗೆ ಮಾಡದಿದ್ದರೆ ಕಾರಣ ಬರೆಯಬೇಕು. ಆದರೆ ಪಾಲಿನ ದಾವೆಯಲ್ಲಿ ಸೋತವರು ಯಾರು? ಅಣ್ಣನಿಗೂ ಪಾಲು, ತಂಗಿಗೂ ಪಾಲು. ಅದಕ್ಕೇ ಅಲ್ಲಿ ಅವರವರ ಖರ್ಚು ಅವರವರಿಗೆ ಎನ್ನುವುದು ಜಾಸ್ತಿ. ಉಯಿಲಿನ ಜಗಳದಲ್ಲಿ ಇನ್ನೊಂದು ದಾರಿಯಿದೆ. ಬರೆದವರೇ ಗೊಂದಲವಾಗಿ ಬರೆದಿಟ್ಟು ಹೋಗಿದ್ದರೆ ಮಕ್ಕಳು ಕೋರ್ಟಿಗೆ ಹೋಗದೆ ವಿಧಿಯಿಲ್ಲ. ಆಗ ಸತ್ತವರು ಬಿಟ್ಟುಹೋದ ಆಸ್ತಿಯಿಂದಲೇ ಖರ್ಚು ತೆಗೆಯಿರಿ ಎಂದು ಹೇಳುವುದುಂಟು. ಇದನ್ನು ‘ಖರ್ಚು ಎಸ್ಟೇಟಿನ ಮೇಲೆ’ ಎಂದು ಬರೆದರೆ ನಮ್ಮವರ ಕಣ್ಣಿಗೆ ಕಾಫಿ ತೋಟ ಬರುತ್ತದೆ! ‘ಬಿಟ್ಟುಹೋದ ಆಸ್ತಿ’ ಸಾಕು, ಎಲ್ಲರಿಗೂ ತಿಳಿಯುತ್ತದೆ.

ನನಗೆ ನಿಜಕ್ಕೂ ನೋವಾಗುವುದು ‘ದಂಡ’ ಎಂಬ ಪದದಿಂದ. ಖರ್ಚು ಕೊಡಲು ಆದೇಶವಾದಾಗ ‘ಕೋರ್ಟ್ ದಂಡ ಹಾಕಿತು’ ಎಂದು ಸುಮ್ನೆ ಬರೆದುಬಿಡುತ್ತಾರೆ. ದಂಡ ತಪ್ಪು ಮಾಡಿದವರಿಗೆ, ಅದು ಹೋಗುವುದು ಸರ್ಕಾರಕ್ಕೆ. ಖರ್ಚು ಹೋಗುವುದು ಎದುರು ಪಕ್ಷಕ್ಕೆ. ಸುಳ್ಳು ದಾವೆ ಹಾಕಿದವರ ಬಗ್ಗೆ ಹೇಳುವ 35ಎ ಕಲಂ ಕೂಡ ಅದನ್ನು ಪರಿಹಾರ ಎಂದೇ ಕರೆಯುತ್ತದೆ. ಅದಕ್ಕೆ 3,000 ರೂಪಾಯಿಯ ಮಿತಿಯನ್ನೂ ಇಟ್ಟಿದೆ. ಒಡಹುಟ್ಟಿದವರ ನಡುವೆ ಪದ ಇನ್ನೂ ಹುಷಾರಾಗಿರಬೇಕು. ಪಾಲು ಕೇಳಿ ಸೋತ ತಂಗಿಗೆ ‘ದಂಡ ಬಿತ್ತು’ ಅಂದರೆ ಊರೆಲ್ಲ ಅವಳನ್ನೇ ತಪ್ಪಿತಸ್ಥೆ ಮಾಡುತ್ತದೆ.

ನನ್ನ ಸಲಹೆ ಇಷ್ಟು: ‘ಖರ್ಚಿಲ್ಲದೆ’ ಬದಲು ‘ಅವರವರ ದಾವೆ ಖರ್ಚು ಅವರವರದೇ’. ‘ಖರ್ಚುಸಹಿತ’ ಬದಲು ‘ಪ್ರತಿವಾದಿ ವಾದಿಯ ದಾವೆ ಖರ್ಚು ತುಂಬಿಕೊಡಬೇಕು’. ಸಾಲು ಉದ್ದವಾಗುತ್ತದೆ, ನಿಜ. ಆದರೆ ಯಾರು ಯಾರಿಗೆ ಕೊಡಬೇಕು ಎಂಬುದು ಒಂದೇ ಓದಿಗೆ ತಿಳಿಯುತ್ತದೆ.

ಕೋರ್ಟಿನಲ್ಲಿ ಕೆಲಸ ಮಾಡುವವರು, ಹಳೆಯ ಡಿಕ್ರಿಗಳನ್ನು ಓದಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ‘ತುಂಬಿಕೊಡು’ ಎಂಬುದು ಕಾನೂನಿನ ಬರವಣಿಗೆಗೆ ಒಗ್ಗುತ್ತದೆಯೇ? ಇಲ್ಲ, ‘ಭರಿಸು’ ಎಂದೇ ಉಳಿಸಬೇಕೇ? ‘ಭರಿಸು’ ಅಂದರೆ ಕೆಲವರಿಗೆ ‘ಸಹಿಸಿಕೋ’ ಎಂದೂ ಕೇಳಿಸುತ್ತದೆ. ಅದೇ ನನ್ನ ಅಳುಕು.